ಎಲ್ಲರ ಹತ್ತಿರವೂ ‘ಫೈನಲ್’ ಫೈಲೇ: ಗಿಟ್ ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನಾನು ಶ್ರೀನಿವಾಸಪುರ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಮಾಡುವ ಮೇಷ್ಟ್ರು. ನಾವು ನಾಲ್ಕು ಜನ ಸೇರಿ ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಕೆರೆಗಳು, ಅಲ್ಲಿನ ವೀರಗಲ್ಲು, ಶಾಸನಗಳ ವಿವರ ಕಲೆಹಾಕುತ್ತಿದ್ದೇವೆ. ಬರಹ ವರ್ಡ್‌ನಲ್ಲಿದೆ, ಸ್ವಲ್ಪ ಹಳೇ ನುಡಿಯಲ್ಲಿದೆ. ಪಟ್ಟಿ ಎಕ್ಸೆಲ್‌ನಲ್ಲಿದೆ. ಫೋಟೊಗಳು ಫೋನಿನಲ್ಲಿವೆ. ಎಲ್ಲವೂ ವಾಟ್ಸಾಪ್‌ನಲ್ಲಿ ಓಡಾಡುತ್ತವೆ. ‘ಫೈನಲ್’, ‘ಫೈನಲ್ 2’, ‘ಇದೇ ಫೈನಲ್’ ಅಂತ ಫೈಲುಗಳಿವೆ. ಹೋದ ತಿಂಗಳು ಒಬ್ಬರ ತಿದ್ದುಪಡಿಯೆಲ್ಲ ಇನ್ನೊಬ್ಬರ ಹಳೇ ಫೈಲಿನ ಕೆಳಗೆ ಮುಚ್ಚಿಹೋಯಿತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹಳೇ ವಿದ್ಯಾರ್ಥಿಯೊಬ್ಬ ‘ಗಿಟ್ ಬಳಸಿ ಸಾರ್’ ಅಂದ. ಅದು ಪ್ರೋಗ್ರಾಂ ಬರೆಯುವವರಿಗೆ ಮಾತ್ರ ಅಲ್ವಾ? ನಮ್ಮಲ್ಲಿ ಒಬ್ಬರ ಊರಿನಲ್ಲಿ ನೆಟ್‌ವರ್ಕ್ ಸರಿಯಾಗಿ ಬರುವುದಿಲ್ಲ. ಅಲ್ಲಿ ನಡೆಯುತ್ತಾ? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿ ಹೇಳಿದ್ದು ಸರಿ. ಆದರೆ ಅವನು ಒಂದು ಮಾತು ಹೇಳದೆ ಬಿಟ್ಟಿದ್ದಾನೆ. ನಿಮ್ಮ ಫೈಲುಗಳನ್ನು ಈಗ ಇರುವ ಹಾಗೇ ಗಿಟ್‌ಗೆ ಹಾಕಿದರೆ ಅರ್ಧ ಪ್ರಯೋಜನವೂ ಸಿಗುವುದಿಲ್ಲ. ಮೊದಲು ಫೈಲು ಸರಿ ಮಾಡಿಕೊಳ್ಳಿ, ಗಿಟ್ ಆಮೇಲೆ. ಗಿಟ್ ಕಷ್ಟ ಅಂತ ನಡುವೆ ಕೈಬಿಟ್ಟವರಲ್ಲಿ ಬಹಳ ಜನಕ್ಕೆ ಕಷ್ಟ ಕೊಟ್ಟಿದ್ದು ಗಿಟ್ ಅಲ್ಲ, ಅದರೊಳಗೆ ಅವರು ತುಂಬಿದ ಫೈಲುಗಳು.

ಅದಕ್ಕೂ ಮುಂಚೆ ಇದು ಏನು ಅನ್ನುವುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಒಂದು ಫೋಲ್ಡರಿನಲ್ಲಿ ಗಿಟ್ ಶುರು ಮಾಡಿದರೆ, ನೀವು ಹೇಳಿದಾಗಲೆಲ್ಲ ಅದು ಆ ಫೋಲ್ಡರಿನ ಆ ಹೊತ್ತಿನ ಸ್ಥಿತಿಯನ್ನು ಪೂರ್ತಿ ದಾಖಲಿಸಿಕೊಳ್ಳುತ್ತದೆ. ಆ ಒಂದು ದಾಖಲೆಗೆ ಕಮಿಟ್ ಅಂತ ಹೆಸರು. ತಾಲ್ಲೂಕು ಕಚೇರಿಯ ಮ್ಯುಟೇಶನ್ ರಿಜಿಸ್ಟರ್ ನೋಡಿರುತ್ತೀರಿ. ಹಳೇ ಎಂಟ್ರಿ ಅಳಿಸುವುದಿಲ್ಲ, ಅದರ ಮುಂದೆ ಹೊಸದು ಬರುತ್ತದೆ, ಯಾರು, ಯಾವತ್ತು, ಯಾವ ಕಾರಣಕ್ಕೆ ಅಂತ ಬರೆದಿರುತ್ತದೆ. ಕಮಿಟ್‌ಗಳ ಸಾಲೂ ಹಾಗೇ. ಇಲ್ಲಿ ಇನ್ನೊಂದು ಭದ್ರತೆಯೂ ಇದೆ. ಪ್ರತಿ ಕಮಿಟ್‌ಗೂ 40 ಅಕ್ಷರದ ಒಂದು ಗುರುತು ಸಂಖ್ಯೆ ಇರುತ್ತದೆ. ಅದು ಫೈಲುಗಳಲ್ಲಿ ಇರುವುದರಿಂದ ಮತ್ತು ಹಿಂದಿನ ಕಮಿಟ್‌ನ ಗುರುತಿನಿಂದ ಲೆಕ್ಕ ಹಾಕಿ ಬಂದದ್ದು. ಹಳೇ ದಾಖಲೆಯಲ್ಲಿ ಯಾರಾದರೂ ಒಂದು ಅಕ್ಷರ ಬದಲಿಸಿದರೂ ಅಲ್ಲಿಂದ ಮುಂದಿನ ಎಲ್ಲ ಗುರುತುಗಳೂ ಬದಲಾಗಿ ಸಿಕ್ಕಿಬೀಳುತ್ತದೆ. ಶಾಸನದ ಪಾಠ ಇಟ್ಟುಕೊಳ್ಳುವವರಿಗೆ ಇದು ಸಣ್ಣ ವಿಷಯ ಅಲ್ಲ.

ಹಳೇ ಕಾಲದ ಇಂಥ ಸಾಫ್ಟ್‌ವೇರ್‌ಗಳಲ್ಲಿ, ಉದಾಹರಣೆಗೆ ಸಬ್‌ವರ್ಷನ್‌ನಲ್ಲಿ, ಪೂರ್ತಿ ಇತಿಹಾಸ ಸರ್ವರ್‌ನಲ್ಲಿ ಇರುತ್ತಿತ್ತು. ನಿಮ್ಮ ಹತ್ತಿರ ಇವತ್ತಿನ ಪ್ರತಿ ಮಾತ್ರ. ಸರ್ವರ್ ಸಿಗದಿದ್ದರೆ ಕಮಿಟ್ ಮಾಡುವ ಹಾಗೇ ಇಲ್ಲ. ಗಿಟ್‌ನಲ್ಲಿ ನಾಲ್ಕು ಜನರ ಲ್ಯಾಪ್‌ಟಾಪಿನಲ್ಲೂ ಮೊದಲ ದಿನದಿಂದ ಇವತ್ತಿನವರೆಗಿನ ಇತಿಹಾಸ ಇಡಿಯಾಗಿ ಇರುತ್ತದೆ. ಇದನ್ನು ಮಾಡಿದವರು ಲಿನಕ್ಸ್ ಬರೆದ ಲಿನಸ್ ಟೊರ್ವಾಲ್ಡ್ಸ್. ಲಿನಕ್ಸ್ ಕೆಲಸಕ್ಕೆ ಬಳಸುತ್ತಿದ್ದ ಬಿಟ್‌ಕೀಪರ್ ಎನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುವುದು 2005ರಲ್ಲಿ ನಿಂತುಹೋಯಿತು. ಅವರು ಏಪ್ರಿಲ್‌ನಲ್ಲಿ ಗಿಟ್ ಬರೆಯಲು ಕೂತರು. ಕೆಲವೇ ದಿನದಲ್ಲಿ ಗಿಟ್ ತನ್ನ ಸ್ವಂತ ಕೋಡಿನ ಲೆಕ್ಕವನ್ನೇ ಇಡತೊಡಗಿತು. ಮರ್ಕ್ಯೂರಿಯಲ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಅದೇ ತಿಂಗಳು ಹುಟ್ಟಿದ್ದು. ಅದೂ ಒಳ್ಳೆಯದೇ. ಆದರೆ ಸಿಕ್ಕಿಹಾಕಿಕೊಂಡಾಗ ಕೇಳಲು ಪಕ್ಕದಲ್ಲಿ ಒಬ್ಬರು ಬೇಕು. ನಿಮ್ಮ ವಿದ್ಯಾರ್ಥಿಗೆ ಗೊತ್ತಿರುವುದು ಗಿಟ್. ಅಷ್ಟು ಸಾಕು, ಗಿಟ್ಟೇ ಆಗಲಿ.

ಈಗ ಫೈಲಿನ ವಿಷಯ. ಇಲ್ಲೇ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕು.

ಗಿಟ್ ಫೈಲುಗಳನ್ನು ಸಾಲು ಸಾಲಾಗಿ ಹೋಲಿಸುತ್ತದೆ. ನೀವು 12ನೇ ಸಾಲು ತಿದ್ದಿ, ಮುಳಬಾಗಿಲಿನವರು 40ನೇ ಸಾಲು ತಿದ್ದಿದರೆ ಎರಡನ್ನೂ ತಾನೇ ಸೇರಿಸುತ್ತದೆ. ಆದರೆ ಅದಕ್ಕೆ ಸಾಲು ಕಾಣಬೇಕಲ್ಲ? ವರ್ಡ್ ಫೈಲು ಒಳಗೆ ಜಿಪ್ ಮಾಡಿದ ಗಂಟು. ಗಿಟ್ ಅದರ ಪ್ರತಿಗಳನ್ನು ಇಟ್ಟುಕೊಳ್ಳುತ್ತದೆ, ಹಳೇದನ್ನು ವಾಪಸ್ಸೂ ಕೊಡುತ್ತದೆ. ಇಬ್ಬರು ತಿದ್ದಿದ ಎರಡು ವರ್ಡ್ ಫೈಲನ್ನು ಒಂದು ಮಾಡಲು ಮಾತ್ರ ಅದರ ಕೈಲಿ ಆಗುವುದಿಲ್ಲ. ‘ಯಾವುದು ಬೇಕು, ಒಂದು ಆರಿಸಿ’ ಅಂದುಬಿಡುತ್ತದೆ. ನೀವು ವಾಟ್ಸಾಪ್‌ನಲ್ಲಿ ಪಟ್ಟ ಪಾಡೇ ಮತ್ತೆ. ಹಾಗಾಗಿ ಬರಹವನ್ನು ಸಾದಾ ಟೆಕ್ಸ್ಟ್ ಫೈಲಿಗೆ ತನ್ನಿ. ತಲೆಬರಹ, ದಪ್ಪ ಅಕ್ಷರ ಬೇಕಿದ್ದರೆ ಮಾರ್ಕ್‌ಡೌನ್ ಸಾಕು, ಅಂದರೆ ಸಾದಾ ಟೆಕ್ಸ್ಟಿನಲ್ಲೇ ಸಣ್ಣ ಚಿಹ್ನೆ ಹಾಕಿ ಅವನ್ನು ಗುರುತಿಸುವ ರೀತಿ. ಪ್ಯಾನ್‌ಡಾಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ವರ್ಡ್ ಫೈಲನ್ನು ಮಾರ್ಕ್‌ಡೌನ್ ಮಾಡಿಕೊಡುತ್ತದೆ. ಪುಸ್ತಕ ಅಚ್ಚಿಗೆ ಕೊಡುವ ಹೊತ್ತಿಗೆ ಅದೇ ಸಾಫ್ಟ್‌ವೇರ್ ಅದನ್ನು ವಾಪಸ್ ವರ್ಡ್‌ಗೂ ತಿರುಗಿಸುತ್ತದೆ.

ಹಳೇ ನುಡಿಯಲ್ಲಿ ಟೈಪ್ ಮಾಡಿದ್ದು ಇನ್ನೂ ತಕರಾರಿನದು. ಆ ಫೈಲಿನೊಳಗೆ ಇರುವುದು ಕನ್ನಡ ಅಕ್ಷರವೇ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ಗಿಟ್‌ನಲ್ಲಿ ತೆರೆದರೆ ಬರೀ ಗಜಿಬಿಜಿ. ಯಾರು ಏನು ತಿದ್ದಿದರು ಅಂತ ದೇವರಿಗೇ ಗೊತ್ತು. ಇವನ್ನೆಲ್ಲ ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಕಣ್ಣಿಟ್ಟು ಓದಿ. ಎಡವಟ್ಟಾಗುವುದು ಅಲ್ಲೇ. ಶಾಸನದ ಪಾಠದಲ್ಲಿ ಒಂದು ಒತ್ತು ಹೋದರೆ ಹೆಸರೇ ಬದಲಾಗಬಹುದು, ಅದು ನಿಮಗೆ ಗೊತ್ತಿರುವುದೇ.

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ: ಒಂದು ವಾಕ್ಯಕ್ಕೆ ಒಂದು ಸಾಲು. ವಾಕ್ಯ ಮುಗಿದ ಕೂಡಲೇ ಎಂಟರ್ ಒತ್ತಿ. ಇಡೀ ಪ್ಯಾರಾವನ್ನು ಒಂದೇ ಸಾಲಾಗಿ ಬರೆದರೆ, ಅದರಲ್ಲಿ ಒಂದು ಪದ ತಿದ್ದಿದರೂ ಗಿಟ್ ಇಡೀ ಪ್ಯಾರಾ ಬದಲಾಗಿದೆ ಅನ್ನುತ್ತದೆ. ಮಾರ್ಕ್‌ಡೌನ್‌ನಲ್ಲಿ ಹೀಗೆ ಒಡೆದ ಸಾಲುಗಳು ಕೊನೆಗೆ ಒಂದೇ ಪ್ಯಾರಾ ಆಗಿ ಸೇರಿಕೊಳ್ಳುತ್ತವೆ, ಹಾಗಾಗಿ ಅಂದವೂ ಕೆಡುವುದಿಲ್ಲ. ನಾನು ಹೇಳುವ ಎಲ್ಲದರಲ್ಲಿ ಒಂದನ್ನೇ ಪಾಲಿಸುತ್ತೀರಿ ಅಂದರೆ ಇದನ್ನು ಪಾಲಿಸಿ.

ಎಕ್ಸೆಲ್ ಪಟ್ಟಿಯನ್ನು ಸಿಎಸ್‌ವಿ ಆಗಿ ಸೇವ್ ಮಾಡಿ, ಅಂದರೆ ಕಾಲಂಗಳ ನಡುವೆ ಅಲ್ಪವಿರಾಮ ಇರುವ ಸಾದಾ ಟೆಕ್ಸ್ಟ್ ಪಟ್ಟಿ. ಸೇವ್ ಆ್ಯಸ್‌ನಲ್ಲಿ ಎರಡು ಮೂರು ಬಗೆಯ ಸಿಎಸ್‌ವಿ ಕಾಣುತ್ತವೆ. ‘ಸಿಎಸ್‌ವಿ ಯುಟಿಎಫ್-8’ ಅಂತ ಇರುವುದನ್ನೇ ಆರಿಸಿ. ಬರೀ ‘ಸಿಎಸ್‌ವಿ’ ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಿ ಕೂರುತ್ತದೆ. ಇಲ್ಲೊಂದು ಮೋಜು ಹೇಳುತ್ತೇನೆ. ಕೆರೆಯ ಸರ್ವೆ ನಂಬರ್ 12/3 ಅಂತ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ಮಾರ್ಚ್ 12 ಅಂದುಕೊಳ್ಳುತ್ತದೆ. ಕಾಲಂ ಅನ್ನು ಮೊದಲೇ ‘ಟೆಕ್ಸ್ಟ್’ ಅಂತ ಗುರುತು ಮಾಡಿಟ್ಟಿದ್ದರೆ ಆಯಿತು, ಇಲ್ಲದಿದ್ದರೆ ಸುಮ್ನೆ ಬದಲಿಸಿಬಿಡುತ್ತದೆ. ನಿಮಗೆ ಗೊತ್ತಾಗುವುದು ಯಾವಾಗಲೋ. ಗಿಟ್‌ನಲ್ಲಿ ಆದರೆ ಕಮಿಟ್ ಮಾಡುವ ಮುಂಚೆ ಹಳೇ ಸಾಲು ಕೆಂಪು, ಹೊಸ ಸಾಲು ಹಸಿರು ಆಗಿ ಕಾಣುತ್ತದೆ. ಕೆಂಪಿನಲ್ಲಿ ‘12/3’, ಹಸಿರಿನಲ್ಲಿ ‘12-ಮಾರ್ಚ್’. ಅಲ್ಲೇ ಹಿಡಿಯಬಹುದು. ಗಿಟ್‌ನ ಉಪಯೋಗ ಏನು ಅಂತ ನಿಮ್ಮ ಗೆಳೆಯರು ಕೇಳಿದರೆ ಇದೊಂದನ್ನು ತೋರಿಸಿ ಸಾಕು.

ಫೈಲಿನ ಹೆಸರುಗಳಿಗೆ ಇಂಗ್ಲಿಷ್ ಅಕ್ಷರ ಬಳಸಿ, ಒಳಗೆ ಕನ್ನಡ ಇರಲಿ. ಕನ್ನಡ ಅಭಿಮಾನಕ್ಕೆ ಇದು ಒಪ್ಪುವುದಿಲ್ಲ, ಗೊತ್ತು. ಆದರೆ ‘ಶ್ರೀನಿವಾಸ್‌ಪುರ’ ಥರದ ಹೆಸರಿನೊಳಗೆ ಅಕ್ಷರ ಒತ್ತಾಗದ ಹಾಗೆ ತಡೆಯುವ, ಕಣ್ಣಿಗೆ ಕಾಣದ ಗುರುತು ಕೂತಿರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಹೋದರೆ ಒಂದೇ ಹೆಸರಿನ ಎರಡು ಫೈಲು! ಈಗಾಗಲೇ ಕನ್ನಡ ಹೆಸರಿಟ್ಟಿದ್ದರೆ, ಟರ್ಮಿನಲ್‌ನಲ್ಲಿ (ಕಮ್ಯಾಂಡ್ ಟೈಪ್ ಮಾಡುವ ಕಪ್ಪು ಪರದೆ) ‘ಕ’ ಇರುವ ಕಡೆ \340\262\225 ಅಂತ ಅಂಕಿಗಳು ಬರುತ್ತವೆ. ಹೆದರಬೇಡಿ, ಏನೂ ಹಾಳಾಗಿಲ್ಲ. ಗಿಟ್ ಸೆಟ್ಟಿಂಗಿನಲ್ಲಿ ‘ಕೋರ್ ಡಾಟ್ ಕೋಟ್‌ಪಾತ್’ ಅನ್ನುವುದನ್ನು ‘ಫಾಲ್ಸ್’ ಮಾಡಿದರೆ ಕನ್ನಡವೇ ಕಾಣುತ್ತದೆ. ಹೆಸರಿಡಲು ಒಳ್ಳೇ ಮಾದರಿ ನಿಮ್ಮ ಕ್ಷೇತ್ರದಲ್ಲೇ ಇದೆ. ಕೋಲಾರ ಜಿಲ್ಲೆಯ ಶಾಸನಗಳಿರುವ ಎಪಿಗ್ರಾಫಿಯಾ ಕರ್ನಾಟಿಕಾ 10ನೇ ಸಂಪುಟದಲ್ಲಿ ತಾಲ್ಲೂಕಿಗೊಂದು ಗುರುತು, ಅದರ ಮುಂದೆ ಸಂಖ್ಯೆ ಇದೆ. ನೀವೂ ತಾಲ್ಲೂಕಿನ ಎರಡಕ್ಷರ, ಸಂಖ್ಯೆ, ಊರು ಅಂತ ಇಡಿ. ಹೊಸಹಳ್ಳಿ ಅಂತ ಎಷ್ಟು ಊರಿವೆ ಅಂತ ನಿಮಗೇ ಗೊತ್ತು. ಊರಿಗೊಂದು ಫೈಲು ಮಾಡಿ. ಎಲ್ಲರೂ ಒಂದೇ ದೊಡ್ಡ ಫೈಲಿಗೆ ಕೈ ಹಾಕಿದಷ್ಟೂ ತಿಕ್ಕಾಟ ಜಾಸ್ತಿ.

ಇಷ್ಟಾದರೆ ಗಿಟ್ ಸಲೀಸು. ವಿಂಡೋಸ್‌ಗೆ ಗಿಟ್ ಹಾಕಿಕೊಳ್ಳಿ, ಜೊತೆಗೆ ಟೆಕ್ಸ್ಟ್ ಫೈಲು ತಿದ್ದುವ ವಿಎಸ್ ಕೋಡ್ ಹಾಕಿ. ಎರಡೂ ಪುಕ್ಕಟೆ. ಕಪ್ಪು ಪರದೆಯಲ್ಲಿ ಟೈಪ್ ಮಾಡಿದರೇ ಗಿಟ್ ಕಲಿತ ಹಾಗೆ ಅನ್ನುವವರ ಮಾತು ಕೇಳಬೇಡಿ. ವಿಎಸ್ ಕೋಡ್‌ನಲ್ಲಿ ಫೋಲ್ಡರ್ ತೆರೆದು, ಎಡಗಡೆಯ ‘ಸೋರ್ಸ್ ಕಂಟ್ರೋಲ್’ ಒತ್ತಿ, ‘ಇನಿಶಿಯಲೈಸ್ ರೆಪಾಸಿಟರಿ’ ಒತ್ತಿ. ರೆಪಾಸಿಟರಿ ಅಂದರೆ ಗಿಟ್ ಇತಿಹಾಸ ಇಡುವ ಫೋಲ್ಡರ್. ಫೋಲ್ಡರ್ ಒಳಗೆ ‘ಡಾಟ್ ಗಿಟ್’ ಎಂಬ ಅಡಗಿದ ಫೋಲ್ಡರ್ ಹುಟ್ಟುತ್ತದೆ. ಇತಿಹಾಸವೆಲ್ಲ ಇರುವುದು ಅದರಲ್ಲಿ. ಅದನ್ನು ಮುಟ್ಟಬೇಡಿ. ಈ ಫೋಲ್ಡರನ್ನು ಗೂಗಲ್ ಡ್ರೈವ್, ಒನ್‌ಡ್ರೈವ್‌ನೊಳಗೂ ಇಡಬೇಡಿ. ಅವು ತಮ್ಮಷ್ಟಕ್ಕೆ ಫೈಲುಗಳನ್ನು ಹಿಂದೆ ಮುಂದೆ ಮಾಡಿ ಆ ಒಳ ಲೆಕ್ಕ ಕೆಡಿಸಬಹುದು. ಎಷ್ಟೋ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಡೆಸ್ಕ್‌ಟಾಪೇ ಒನ್‌ಡ್ರೈವ್ ಒಳಗಿರುತ್ತದೆ, ಒಮ್ಮೆ ನೋಡಿಕೊಳ್ಳಿ.

ಮೊದಲ ಕಮಿಟ್ ಮಾಡುವಾಗ ಹೆಸರು, ಇಮೇಲ್ ಕೇಳುತ್ತದೆ. ಒಮ್ಮೆ ಕೊಟ್ಟರೆ ಆಯಿತು. ಆಮೇಲೆ ದಿನದ ಕೆಲಸ ಇಷ್ಟೇ: ಫೈಲು ತಿದ್ದಿ, ಸೋರ್ಸ್ ಕಂಟ್ರೋಲ್‌ನಲ್ಲಿ ಅದರ ಮೇಲೆ ಒತ್ತಿ ಏನು ಬದಲಾಗಿದೆ ಅಂತ ನೋಡಿ, ಪಕ್ಕದ ಪ್ಲಸ್ ಒತ್ತಿ, ಮೇಲಿನ ಡಬ್ಬಿಯಲ್ಲಿ ಒಂದು ಸಾಲಿನ ಟಿಪ್ಪಣಿ ಬರೆದು ಕಮಿಟ್ ಒತ್ತಿ. ಈ ಟಿಪ್ಪಣಿಯಲ್ಲಿ ಸೋಮಾರಿತನ ಬೇಡ. ‘ಅಪ್‌ಡೇಟ್’, ‘ತಿದ್ದಿದೆ’ ಅಂತ ಬರೆದರೆ ಆರು ತಿಂಗಳ ಮೇಲೆ ನಿಮಗೇ ಅರ್ಥವಾಗುವುದಿಲ್ಲ. ‘ಏರಿ ಮೇಲಿನ ಎರಡನೇ ಕಲ್ಲು: 3ನೇ ಸಾಲಿನ ಓದು ಬದಲಿಸಿದೆ, ಕಲ್ಲು ತೊಳೆದ ಮೇಲಿನ ಫೋಟೊ ನೋಡಿ’ ಅಂತ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಗಿಟ್‌ಗೆ ಏನೂ ತೊಂದರೆ ಇಲ್ಲ. ಏನು ಬದಲಾಯಿತು ಅನ್ನುವುದನ್ನು ಗಿಟ್ ತಾನೇ ತೋರಿಸುತ್ತದೆ. ಯಾಕೆ ಅನ್ನುವುದನ್ನು ನೀವೇ ಹೇಳಬೇಕು.

ಮೊದಲ ಕೆಲವು ವಾರ ನೀವೊಬ್ಬರೇ ಹೀಗೆ ಮಾಡಿ. ಬ್ರಾಂಚ್, ರಿಬೇಸ್ ಅಂತ ಯಾರಾದರೂ ಪಾಠ ಶುರು ಮಾಡಿದರೆ ‘ಆಮೇಲೆ ನೋಡೋಣ’ ಅನ್ನಿ. ನಾಲ್ಕು ಜನ ಕೆರೆಗಳ ಪಟ್ಟಿ ಮಾಡಲು ಅದರ ಅಗತ್ಯ ಬರದೆಯೂ ಇರಬಹುದು. ಎರಡು ಎಚ್ಚರಿಕೆ ಮಾತ್ರ ಈಗಲೇ ಬೇಕು. ಕಮಿಟ್ ಮಾಡದೇ ಇರುವುದನ್ನು ಗಿಟ್ ಕಾಪಾಡುವುದಿಲ್ಲ, ಅದಕ್ಕೇ ‘ಡಿಸ್ಕಾರ್ಡ್ ಚೇಂಜಸ್’ ಒತ್ತುವ ಮುಂಚೆ ಎರಡು ಸಲ ಯೋಚಿಸಿ. ಇನ್ನು ‘ಫೋರ್ಸ್’, ‘ಹಾರ್ಡ್’ ಅನ್ನುವ ಪದ ಇರುವ ಕಮ್ಯಾಂಡನ್ನು ಯಾರು ಹೇಳಿದರೂ ಅರ್ಥ ಆಗದೆ ಓಡಿಸಬೇಡಿ. ಹಳೇ ಕಮಿಟ್ ತಪ್ಪು ಅನಿಸಿದರೆ ‘ರಿವರ್ಟ್’ ಮಾಡಿ. ಅದು ಹಳೇದನ್ನು ಅಳಿಸದೆ, ಅದಕ್ಕೆ ಉಲ್ಟಾ ಹೊಡೆಯುವ ಹೊಸ ಕಮಿಟ್ ಮಾಡುತ್ತದೆ. ಇಂಟರ್ನೆಟ್‌ನಲ್ಲಿ ಪಾಠ ಹುಡುಕುವಾಗ ಒಂದು ಗೊಂದಲ ಆಗಬಹುದು. 2019ರಲ್ಲಿ ಬಂದ 2.23ನೇ ಆವೃತ್ತಿಯಿಂದ ‘ಸ್ವಿಚ್’, ‘ರಿಸ್ಟೋರ್’ ಅಂತ ಎರಡು ಹೊಸ ಕಮ್ಯಾಂಡ್ ಇವೆ. ಹಳೇ ಪಾಠಗಳಲ್ಲಿ ಎರಡೂ ಕೆಲಸಕ್ಕೆ ‘ಚೆಕ್‌ಔಟ್’ ಒಂದೇ ಇರುತ್ತದೆ. ಎರಡೂ ಸರಿಯೇ.

ಈಗ ನೆಟ್‌ವರ್ಕ್ ಇಲ್ಲದ ನಿಮ್ಮ ಗೆಳೆಯರ ವಿಷಯ. ಗಿಟ್ ಅವರಿಗೆ ಹೇಳಿ ಮಾಡಿಸಿದ್ದು. ಕಮಿಟ್ ಮಾಡಲು, ಹಳೇದು ನೋಡಲು, ಹೋಲಿಸಲು ಇಂಟರ್ನೆಟ್ ಬೇಕೇ ಇಲ್ಲ. ವಾರವೆಲ್ಲ ಕಮಿಟ್ ಮಾಡಿಕೊಂಡಿದ್ದು, ಭಾನುವಾರ ಪೇಟೆಗೆ ಬಂದಾಗ ‘ಪುಶ್’ ಮಾಡಿದರೆ, ಅಂದರೆ ಎಲ್ಲರಿಗೂ ಸಿಗುವ ಕಡೆಗೆ ಕಳಿಸಿದರೆ ಸಾಕು. ಅದೂ ಆಗದಿದ್ದರೆ ಪೆನ್‌ಡ್ರೈವ್ ಇದೆ. ಪೆನ್‌ಡ್ರೈವ್‌ನಲ್ಲಿ ಒಂದು ‘ಬೇರ್’ ರೆಪಾಸಿಟರಿ ಮಾಡಿಡಿ. ಅಂದರೆ ಫೈಲುಗಳು ಬಿಡಿಯಾಗಿ ಕಾಣದ, ಬರೀ ಇತಿಹಾಸ ಇರುವ ರೆಪಾಸಿಟರಿ. ಸರ್ವರ್‌ಗೆ ಮಾಡುವ ಹಾಗೇ ಅದಕ್ಕೂ ಪುಶ್ ಮಾಡಬಹುದು, ಅದರಿಂದ ಪುಲ್ ಮಾಡಬಹುದು (ಅಂದರೆ ಬೇರೆಯವರ ಕಮಿಟ್‌ಗಳನ್ನು ಎಳೆದುಕೊಳ್ಳಬಹುದು). ಮೊದಲ ಸಲ ಗಿಟ್ ‘ಡ್ಯೂಬಿಯಸ್ ಓನರ್‌ಶಿಪ್’ ಅಂತ ಗೊಣಗಬಹುದು. ಪೆನ್‌ಡ್ರೈವ್‌ಗಳಲ್ಲಿ ಫೈಲು ಯಾರದ್ದು ಅನ್ನುವ ಮಾಹಿತಿ ಸಾಮಾನ್ಯವಾಗಿ ಇರುವುದಿಲ್ಲ, ಅದಕ್ಕೆ ಆ ಅನುಮಾನ. ಏನು ಮಾಡಬೇಕು ಅನ್ನುವ ಕಮ್ಯಾಂಡ್ ಆ ಸಂದೇಶದ ಕೆಳಗೇ ಇರುತ್ತದೆ. ‘ಬಂಡಲ್’ ಅನ್ನುವುದೂ ಒಂದಿದೆ. ಇಡೀ ಇತಿಹಾಸವನ್ನು ಒಂದೇ ಫೈಲಾಗಿ ಕಟ್ಟಿ ಕೊಡುತ್ತದೆ. ಬೇಕಾದರೆ ನಿಮ್ಮ ವಾಟ್ಸಾಪ್‌ನಲ್ಲೇ ಡಾಕ್ಯುಮೆಂಟ್ ಆಗಿ ಕಳಿಸಿ. ಈ ಸಲ ಯಾರದ್ದೂ ಯಾರದ್ದನ್ನೂ ತಿನ್ನುವುದಿಲ್ಲ.

ನಾಲ್ಕು ಜನಕ್ಕೂ ಸಿಗುವ ಹಾಗೆ ಒಂದು ಕಡೆ ಇಡಲು ಗಿಟ್‌ಹಬ್ ಸುಲಭ. ಗಿಟ್ ಬೇರೆ, ಗಿಟ್‌ಹಬ್ ಬೇರೆ ಅನ್ನುವುದು ನೆನಪಿರಲಿ. ಗಿಟ್‌ಹಬ್ 2008ರಲ್ಲಿ ಶುರುವಾದ, 2018ರಲ್ಲಿ ಮೈಕ್ರೋಸಾಫ್ಟ್ ಕೊಂಡ ಕಂಪನಿ. ಅದು ನಾಳೆ ಮುಚ್ಚಿದರೂ ನಿಮ್ಮ ನಾಲ್ಕು ಲ್ಯಾಪ್‌ಟಾಪಿನಲ್ಲಿರುವ ಇತಿಹಾಸಕ್ಕೆ ಏನೂ ಆಗುವುದಿಲ್ಲ. ಬೇರೆ ಕಡೆಗೆ ಪುಶ್ ಮಾಡಿದರೆ ಆಯಿತು. 2021ರ ಆಗಸ್ಟ್‌ನಿಂದ ಪುಶ್ ಮಾಡುವಾಗ ಗಿಟ್‌ಹಬ್ ಪಾಸ್‌ವರ್ಡ್ ಒಪ್ಪುವುದಿಲ್ಲ. ಪಾಸ್‌ವರ್ಡ್ ಹೊಡೆದು ಹೊಡೆದು ಸುಸ್ತಾಗಬೇಡಿ. ವಿಎಸ್ ಕೋಡ್ ಬ್ರೌಸರ್ ತೆರೆದು ಲಾಗಿನ್ ಕೇಳುತ್ತದೆ, ಅಲ್ಲಿ ಒಪ್ಪಿಗೆ ಕೊಡಿ.

ಜೊತೆಯಾಗಿ ಕೆಲಸ ಮಾಡುವಾಗ ನಿಯಮ ಒಂದೇ. ಕೂರುವ ಮುಂಚೆ ಪುಲ್, ಏಳುವ ಮುಂಚೆ ಕಮಿಟ್ ಮತ್ತು ಪುಶ್. ಆದರೂ ಒಂದು ದಿನ ಇಬ್ಬರೂ ಒಂದೇ ಸಾಲು ತಿದ್ದುತ್ತೀರಿ. ನೀವು ‘ಏರಿ ಮೇಲೆ ಮೂರು ವೀರಗಲ್ಲು’ ಅಂತ ಬರೆದಿರುತ್ತೀರಿ, ಅವರು ‘ನಾಲ್ಕು’ ಅಂತ. ಆಗ ಗಿಟ್ ಯಾರನ್ನೂ ಗೆಲ್ಲಿಸುವುದಿಲ್ಲ. ‘ಕಾನ್‌ಫ್ಲಿಕ್ಟ್’ ಅಂದು, ಆ ಜಾಗದಲ್ಲಿ ಎರಡೂ ಸಾಲನ್ನು ಒಂದರ ಕೆಳಗೆ ಒಂದು ಇಟ್ಟು, ನಡುವೆ ಸಮ ಚಿಹ್ನೆಗಳ ಗೆರೆ ಎಳೆದು ನಿಲ್ಲುತ್ತದೆ. ಇದು ಕೆಟ್ಟುಹೋಗಿದ್ದಲ್ಲ, ಪ್ರಶ್ನೆ ಕೇಳುತ್ತಿದೆ ಅಷ್ಟೇ. ವಿಎಸ್ ಕೋಡ್ ಮೇಲೆಯೇ ನಿಮ್ಮದು ಇರಲಿ, ಅವರದು ಇರಲಿ, ಎರಡೂ ಇರಲಿ ಅಂತ ಗುಂಡಿಗಳನ್ನು ಕೊಡುತ್ತದೆ. ಗುಂಡಿ ಒತ್ತುವ ಮುಂಚೆ ಫೋನ್ ಮಾಡಿ. ನಾಲ್ಕನೇ ಕಲ್ಲು ಹುಣಸೆ ಮರದ ಬುಡದಲ್ಲಿ ಅರ್ಧ ಹೂತಿರುವುದನ್ನು ಅವರು ನೋಡಿರಬಹುದು. ಸರಿಯಾದದ್ದು ಉಳಿಸಿ, ಗುರುತಿನ ಗೆರೆಗಳು ಹೋಗಿವೆಯಾ ನೋಡಿ, ಕಮಿಟ್ ಮಾಡಿ.

ಫೋಟೊಗಳನ್ನು ಗಿಟ್‌ನಲ್ಲಿ ಹಾಕಬೇಡಿ. ಫೋನಿನ ಒಂದೊಂದು ಫೋಟೊ 4–5 ಎಂಬಿ ಇರುತ್ತದೆ, ನೂರಾದರೆ ಅರ್ಧ ಜಿಬಿ. ಒಮ್ಮೆ ಕಮಿಟ್ ಆದದ್ದು ಆಮೇಲೆ ಡಿಲೀಟ್ ಮಾಡಿದರೂ ಇತಿಹಾಸದಲ್ಲಿ ಉಳಿದು, ನಾಲ್ಕೂ ಲ್ಯಾಪ್‌ಟಾಪಿಗೆ ಹೊರೆ ಆಗುತ್ತದೆ. ನೆಟ್‌ವರ್ಕ್ ಇಲ್ಲದವರ ಗತಿ ಯೋಚಿಸಿ. ಇನ್ನು ವಿಡಿಯೊ ಇದ್ದರೆ, 100 ಎಂಬಿ ದಾಟಿದ ಫೈಲನ್ನು ಗಿಟ್‌ಹಬ್ ತೆಗೆದುಕೊಳ್ಳುವುದೇ ಇಲ್ಲ. ಫೋಟೊಗಳು ಹಾರ್ಡ್ ಡಿಸ್ಕಿನಲ್ಲೋ ಡ್ರೈವ್‌ನಲ್ಲೋ ಎರಡು ಕಡೆ ಇರಲಿ. ಯಾವ ಕಲ್ಲಿಗೆ ಯಾವ ಫೋಟೊ ಅನ್ನುವ ಪಟ್ಟಿ ಮಾತ್ರ ಸಿಎಸ್‌ವಿಯಲ್ಲಿ, ಗಿಟ್ ಒಳಗೆ ಇರಲಿ. ಫೋಟೊ ಫೋಲ್ಡರ್ ಹೆಸರನ್ನು ‘ಡಾಟ್ ಗಿಟ್‌ಇಗ್ನೋರ್’ ಅನ್ನುವ ಫೈಲಿನಲ್ಲಿ ಒಂದು ಸಾಲು ಬರೆದಿಟ್ಟರೆ ಗಿಟ್ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಅದೇ ಇಗ್ನೋರ್ ಫೈಲಿಗೆ ಇನ್ನೊಂದು ಸಾಲು ಸೇರಿಸಬೇಕು. ಮಾಹಿತಿ ಕೊಟ್ಟ ಊರ ಹಿರಿಯರ ಹೆಸರು, ಫೋನ್ ನಂಬರ್ ನಿಮ್ಮ ಎಕ್ಸೆಲ್‌ನಲ್ಲಿ ಇದ್ದೇ ಇರುತ್ತವೆ. ಗಿಟ್‌ಹಬ್‌ನಲ್ಲಿ ರೆಪಾಸಿಟರಿಯನ್ನು ‘ಪ್ರೈವೇಟ್’ ಆಗಿ ಇಟ್ಟರೂ, ಮುಂದೆ ಎಂದಾದರೂ ಎಲ್ಲರಿಗೂ ತೆರೆಯಬೇಕು ಅನಿಸುತ್ತದೆ. ತೆರೆದ ದಿನ ಇವತ್ತಿನ ಫೈಲಿನ ಜೊತೆ ಮೊದಲ ದಿನದ ಫೈಲೂ ತೆರೆದುಕೊಳ್ಳುತ್ತದೆ. ಆ ಕಾಲಂಗಳನ್ನು ಬೇರೆ ಫೈಲಿಗೆ ತೆಗೆದಿಟ್ಟು, ಅದರ ಹೆಸರನ್ನು ಇಗ್ನೋರ್ ಪಟ್ಟಿಗೆ ಹಾಕಿ. ಇದನ್ನು ಮೊದಲ ಕಮಿಟ್‌ಗೆ ಮುಂಚೆಯೇ ಮಾಡಿ ಮೇಷ್ಟ್ರೇ, ಆಮೇಲೆ ಇತಿಹಾಸದಿಂದ ಕಿತ್ತುಹಾಕುವುದು ಬಹಳ ತ್ರಾಸದ ಕೆಲಸ.